ಶಾಲೆಯ ಗೋಡೆಯೇ ಅದಿರು: ಚಿರೆಕಲ್ಲಿನಿಂದ ಲೋಹವಿಜ್ಞಾನದ ಪಾಠ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಶಿರಾಲಿಯ ಒಂದು ಪ್ರೌಢಶಾಲೆ. ಘಟಕ ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’. ಪಾಠ ಯೋಜನೆ ಬರೆಯಲು ಕುಳಿತಾಗ ಒಂದು ವಿಷಯ ಗಮನಕ್ಕೆ ಬಂತು. ಅದಿರು, ಸಾರವರ್ಧನೆ, ಹುರಿಯುವಿಕೆ, ಕಾಸುವಿಕೆ, ಅಪಕರ್ಷಣ ಎಂಬ ಪದಗಳು ಈ ಘಟಕದಲ್ಲಿ ಒಂದರ ಹಿಂದೊಂದು ಬರುತ್ತವೆ. ಆದರೆ ಇವುಗಳಲ್ಲಿ ಯಾವುದನ್ನೂ ನಮ್ಮ ಕರಾವಳಿಯ ಮಕ್ಕಳು ಕಣ್ಣಿಂದ ಕಂಡಿರುವುದಿಲ್ಲ. ಗಣಿ ಎಂದರೆ ಕೋಲಾರ, ಬಳ್ಳಾರಿ, ಹೆಚ್ಚೆಂದರೆ ಕುದುರೆಮುಖ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಮೀನು, ಅಡಿಕೆ, ತೆಂಗು ಇವೆ, ಅದಿರು ಇಲ್ಲ ಎಂದೇ ಮಕ್ಕಳ ಲೆಕ್ಕ. ನಮ್ಮ ಲೆಕ್ಕವೂ ಬಹುಮಟ್ಟಿಗೆ ಅದೇ.

ಆ ಪಾಠ ನಡೆಯುವ ಕೋಣೆಯ ಗೋಡೆ, ಶಾಲೆಯ ಕಂಪೌಂಡು, ಮಕ್ಕಳ ಮನೆಯ ಅಡಿಪಾಯ, ಬಾವಿಯ ಕಟ್ಟೆ ಎಲ್ಲವೂ ಚಿರೆಕಲ್ಲು. ಈ ಚಿರೆಕಲ್ಲು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಒಟ್ಟುಗೂಡಿ ಆದ ಕಲ್ಲು. ಪ್ರಕೃತಿ ಸಾವಿರಾರು ಮಳೆಗಾಲಗಳಲ್ಲಿ ತಾನೇ ಸಾರವರ್ಧನೆ ಮಾಡಿಟ್ಟ ಬಡ ಅದಿರು ಎನ್ನಬಹುದು. ಹೀಗಾಗಿ ಈ ಘಟಕವನ್ನು ಚಿರೆಕಲ್ಲಿನಿಂದಲೇ ಆರಂಭಿಸಬೇಕು ಎಂದು ತೀರ್ಮಾನಿಸಿದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಚಿರೆಕಲ್ಲನ್ನು ಓದಲು ಬಂದರೆ ಅದರ ಕೆಳಗಿರುವ ಮಣ್ಣನ್ನೂ ಓದಲು ಬರುತ್ತದೆ. ಮಳೆಗಾಲದಲ್ಲಿ ಗುಡ್ಡ ಜಾರುವ ಊರುಗಳಲ್ಲಿ ಅದು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ವಿಷಯ.

ಹೆಸರಿನಿಂದ ಆರಂಭ

ಪೂರ್ವಜ್ಞಾನ ಪರೀಕ್ಷೆಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಈ ಕಲ್ಲಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಹೆಚ್ಚಿನವರು ಚಿರೆಕಲ್ಲು ಎಂದರು. ಕೊಂಕಣಿ ಮನೆಮಾತಿನವರು ಚಿರೊ ಎಂದರು. ಮಂಗಳೂರು ಕಡೆ ನೆಂಟರಿರುವ ಹುಡುಗಿಯೊಬ್ಬಳು ಮುರಕಲ್ಲು, ಕೆಂಪುಕಲ್ಲು ಎರಡನ್ನೂ ಸೇರಿಸಿದಳು. ಕಾಸರಗೋಡಿಗೆ ಹೋದರೆ ಮಲಯಾಳದಲ್ಲಿ ಇದೇ ಕಲ್ಲು ಚೆಂಗಲ್ಲು. ಆದರೆ ಸಮಾಜ ವಿಜ್ಞಾನದಲ್ಲಿ ಓದಿದ ‘ಜಂಬಿಟ್ಟಿಗೆ ಮಣ್ಣು’ ಎಂಬುದು ಈ ಕಲ್ಲಿಗೆ ಸಂಬಂಧಿಸಿದ್ದು ಎಂದು ತರಗತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಕಾಶೆಯಲ್ಲಿ ಬಣ್ಣ ತುಂಬಿ ಅಂಕ ಪಡೆದ ಹೆಸರು ಒಂದು, ಮನೆಯ ಗೋಡೆಯಲ್ಲಿರುವ ಹೆಸರು ಇನ್ನೊಂದು. ಎರಡೂ ಭೇಟಿಯಾಗಿರಲೇ ಇಲ್ಲ.

ಜಂಬಿಟ್ಟಿಗೆ ಎಂಬ ಪದದೊಳಗೇ ‘ಇಟ್ಟಿಗೆ’ ಇದೆ. ಇಂಗ್ಲಿಷಿನ ‘ಲ್ಯಾಟರೈಟ್’ ಕೂಡ ಹಾಗೆಯೇ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ 1800 ಮತ್ತು 1801ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ. ಭಟ್ಕಳ, ಹೊನ್ನಾವರಗಳೂ ಅವನ ದಾರಿಯಲ್ಲಿದ್ದವು. ಮಲಬಾರಿನ ಅಂಗಾಡಿಪುರಂ ಎಂಬಲ್ಲಿ ಈ ಕಲ್ಲನ್ನು ಕಡಿದು ಮನೆ ಕಟ್ಟುವುದನ್ನು ನೋಡಿ ವಿವರವಾಗಿ ಬರೆದ. ಸ್ಥಳೀಯರು ಇದನ್ನು ‘ಇಟ್ಟಿಗೆ ಕಲ್ಲು’ ಎನ್ನುತ್ತಾರೆ ಎಂದು ತಿಳಿದುಕೊಂಡು, ಲ್ಯಾಟಿನ್‌ನಲ್ಲಿ ಇಟ್ಟಿಗೆಗಿರುವ ‘ಲೇಟರ್’ ಎಂಬ ಪದದಿಂದ ಹೊಸ ಹೆಸರು ಕಟ್ಟಿದ. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇಂದು ಬ್ರೆಜಿಲ್, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಭೂವಿಜ್ಞಾನಿಗಳು ಬಳಸುವ ಪದಕ್ಕೆ ಮೂಲ ನಮ್ಮ ಪಶ್ಚಿಮ ಕರಾವಳಿಯ ಕಲ್ಲು ಕಡಿಯುವವರ ಮಾತು. ಅಂಗಾಡಿಪುರಂನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1979ರಲ್ಲಿ ಒಂದು ಸ್ಮಾರಕ ಫಲಕವನ್ನೂ ನೆಟ್ಟಿದೆ. ಇದನ್ನು ಹೇಳಿದಾಗ ತರಗತಿಯಲ್ಲಿ ಸ್ವಲ್ಪ ಹೊತ್ತು ಗದ್ದಲವಾಯಿತು. ಕ್ವಾರಿಯಲ್ಲಿ ದುಡಿಯುವವರ ಮಕ್ಕಳು ಆ ತರಗತಿಯಲ್ಲಿ ಹಲವರಿದ್ದರು.

ಕಲ್ಲು ಹುಟ್ಟುವ ಬಗೆ

ಕರಾವಳಿಯ ತಳದಲ್ಲಿರುವುದು ನೈಸ್ ಮತ್ತು ಗ್ರಾನೈಟ್ ಜಾತಿಯ ಅತಿ ಹಳೆಯ ಶಿಲೆಗಳು. ದಕ್ಷಿಣ ಭಾರತದ ಈ ನೈಸ್ ಶಿಲೆಗಳ ವಯಸ್ಸು ಸುಮಾರು 300 ಕೋಟಿ ವರ್ಷ. ಅಲ್ಲಲ್ಲಿ ಅವನ್ನು ಸೀಳಿಕೊಂಡು ಬಂದ ಕರಿಕಲ್ಲಿನ ಗೋಡೆಗಳಿವೆ, ಡಾಲರೈಟ್ ಶಿಲೆಯವು. ಇವುಗಳಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಖನಿಜ ರೂಪದಲ್ಲಿ ಬೆಸೆದುಕೊಂಡಿವೆ.

ಇವುಗಳ ಮೇಲೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಆಮ್ಲವಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದು ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯನ್ನಾಗಿ ಮಾಡುತ್ತದೆ. ಈ ಜೇಡಿಯ ಹೆಸರು ಕಯೋಲಿನೈಟ್. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳು ನೀರಿನಲ್ಲಿ ಕರಗಿ ಹೊಳೆ ಸೇರುತ್ತವೆ, ಕೊನೆಗೆ ಸಮುದ್ರ. ಸಿಲಿಕಾ ನಿಧಾನವಾಗಿ ಅದೇ ದಾರಿ ಹಿಡಿಯುತ್ತದೆ. ಸಿಲಿಕಾ ಇನ್ನಷ್ಟು ತೊಳೆದು ಹೋದ ಕಡೆ ಕಯೋಲಿನೈಟ್ ಕೂಡ ಒಡೆದು ಗಿಬ್ಸೈಟ್ ಉಳಿಯುತ್ತದೆ. ಅದು ಅಲ್ಯೂಮಿನಿಯಂನ ಹೈಡ್ರಾಕ್ಸೈಡ್, ಅಂದರೆ ಬಾಕ್ಸೈಟಿನ ಮುಖ್ಯ ಖನಿಜ.

ಕಬ್ಬಿಣದ ನಡವಳಿಕೆ ಹೆಚ್ಚು ಸ್ವಾರಸ್ಯದ್ದು. ಕರಿ ಖನಿಜಗಳಲ್ಲಿರುವ ಎರಡು ವೇಲೆನ್ಸಿಯ ಕಬ್ಬಿಣ ನೀರಿನಲ್ಲಿ ಕರಗಿ ಓಡಾಡಬಲ್ಲದು. ಆಕ್ಸಿಜನ್ ಸಿಕ್ಕ ಕೂಡಲೇ ಅದು ಉತ್ಕರ್ಷಣಗೊಂಡು ಮೂರು ವೇಲೆನ್ಸಿಯ ಕಬ್ಬಿಣವಾಗಿ, ಕರಗದೆ ಅಲ್ಲೇ ಕೂರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂತರ್ಜಲ ಮೇಲಕ್ಕೆ ಬರುತ್ತದೆ, ಏಪ್ರಿಲ್ ಹೊತ್ತಿಗೆ ಕೆಳಗಿಳಿಯುತ್ತದೆ. ಈ ಏರಿಳಿತದಲ್ಲಿ ಕಬ್ಬಿಣ ಕರಗುತ್ತದೆ, ಸರಿಯುತ್ತದೆ, ಮತ್ತೆ ಕೂರುತ್ತದೆ. ಚಿರೆಕಲ್ಲನ್ನು ಕತ್ತರಿಸಿದಾಗ ಕಾಣುವ ಕೆಂಪು, ಹಳದಿ, ಬಿಳಿ ಚಿತ್ತಾರ ಹಾಗೂ ಹುಳು ತಿಂದಂಥ ತೂತುಗಳು ಈ ಓಡಾಟದ ಗುರುತು. ಹಳದಿ ಕಂದು ಇರುವ ಕಡೆ ಗೋಯೆಥೈಟ್, ಕಡುಕೆಂಪಾದ ಕಡೆ ಹೆಮಟೈಟ್, ಬಿಳಿಯದು ಕಯೋಲಿನೈಟ್.

ಇಲ್ಲಿ ಕುಮಟಾದ ಯಾಣವನ್ನು ಹೋಲಿಕೆಗೆ ತಂದೆ. ಯಾಣದ್ದು ಸುಣ್ಣಕಲ್ಲು. ಅಲ್ಲಿಯೂ ಇದೇ ಮಳೆ, ಇದೇ ಆಮ್ಲ. ಆದರೆ ಸುಣ್ಣಕಲ್ಲು ಕರಗಿದರೆ ಪೂರ್ತಿ ಕರಗಿ ಹೋಗುತ್ತದೆ, ಕರಗದೆ ಉಳಿದದ್ದು ಚೂಪು ಶಿಖರಗಳಾಗಿ ನಿಲ್ಲುತ್ತದೆ. ನಮ್ಮ ಕಲ್ಲಿನಲ್ಲಿ ಕರಗುವುದು ಹೋಗಿ ಕರಗದ್ದು ಅಲ್ಲಿಯೇ ಗಟ್ಟಿಯಾಗುತ್ತದೆ. ಪ್ರವಾಸಕ್ಕೆ ಯಾಣಕ್ಕೆ ಹೋಗಿ ಬಂದ ಮಕ್ಕಳಿಗೆ ಇದು ಬೇಗ ಅರ್ಥವಾಯಿತು.

ಹಸಿ ಕಲ್ಲು, ಒಣ ಕಲ್ಲು

‘ಟೀಚರ್, ಹಸಿ ಕಲ್ಲು ತಂದ ಕೂಡ್ಲೆ ಗೋಡೆಗೆ ಇಡೂದಿಲ್ಲ. ಬಿಸಿಲಿಗೆ ಬಿಡ್ತಾರೆ, ಆಮೇಲೆ ಗಟ್ಟಿ ಆಗ್ತದೆ’ ಎಂದ ಹಿಂದಿನ ಬೆಂಚಿನ ಹುಡುಗ. ಅವನ ತಂದೆ ಕ್ವಾರಿಯಲ್ಲಿ ಕಲ್ಲು ಕತ್ತರಿಸುವ ಮಷಿನ್ ನಡೆಸುತ್ತಾರೆ. ಬುಕನನ್‌ನ ಗಮನ ಸೆಳೆದದ್ದೂ ಈ ಗುಣವೇ: ಭೂಮಿಯಲ್ಲಿರುವಾಗ ಕಬ್ಬಿಣದ ಹತಾರದಿಂದ ಕಡಿಯುವಷ್ಟು ಮೆತ್ತಗೆ, ಗಾಳಿಗೆ ತೆರೆದರೆ ಇಟ್ಟಿಗೆಯಷ್ಟು ಗಟ್ಟಿ. ಕಲ್ಲಿನೊಳಗಿನ ತೇವ ಆರಿದಂತೆ ಕಬ್ಬಿಣದ ಹೈಡ್ರಾಕ್ಸೈಡುಗಳು ನೀರು ಕಳೆದುಕೊಂಡು ಹರಳುಗಟ್ಟಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅದರಿಂದ ಬರುವುದು ಈ ಗಟ್ಟಿತನ.

ಇದರಿಂದ ‘ಕಾಸುವಿಕೆ’ಗೆ ನೇರ ದಾರಿ ಸಿಕ್ಕಿತು. ಚಿರೆಕಲ್ಲಿನ ಹಳದಿ ಭಾಗವನ್ನು ಕೆರೆದು ಪುಡಿ ಮಾಡಿ ಮೂಸೆಯಲ್ಲಿಟ್ಟು ಕಾಯಿಸಿದೆವು. ಕೆಲವೇ ನಿಮಿಷಗಳಲ್ಲಿ ಹಳದಿ ಕೆಂಪಾಯಿತು. ಗೋಯೆಥೈಟ್ ನೀರನ್ನು ಬಿಟ್ಟು ಹೆಮಟೈಟ್ ಆಯಿತು. ಲೆಕ್ಕ ಬಲ್ಲ ಮಕ್ಕಳಿಗೆ ಪರಮಾಣು ರಾಶಿ ಕೊಟ್ಟು ಕೇಳಿದೆ: ಶುದ್ಧ ಗೋಯೆಥೈಟ್‌ನಲ್ಲಿ ಕಬ್ಬಿಣ ಎಷ್ಟು? ತೂಕದಲ್ಲಿ ಶೇ. 63ರಷ್ಟು. ನೀರು ಹೋದ ಮೇಲೆ ಹೆಮಟೈಟ್‌ನಲ್ಲಿ? ಶೇ. 70. ಒಂದು ಅಣುವಿನ ಕಬ್ಬಿಣವನ್ನೂ ಸೇರಿಸದೆ ಶೇಕಡಾವಾರು ಏರಿತು ಎಂಬುದು ಅವರಿಗೆ ಮೋಜೆನಿಸಿತು. ಮಂಗಳೂರು ಹೆಂಚು ಕೆಂಪಾಗುವುದಕ್ಕೂ ಸುಡುವಾಗ ಜೇಡಿಯಲ್ಲಿನ ಕಬ್ಬಿಣ ಹೆಮಟೈಟ್ ಆಗುವುದೇ ಕಾರಣ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದರಿಂದ ನಮ್ಮ ಕರಾವಳಿಯ ಮಾಡುಗಳಿಗೆ ಆ ಬಣ್ಣ ಬಂತು.

ಮುಂದಿನ ಪ್ರಯೋಗ ಅಪಕರ್ಷಣದ್ದು. ಕೆಂಪು ಪುಡಿಯ ಹತ್ತಿರ ಕಾಗದ ಸುತ್ತಿದ ಅಯಸ್ಕಾಂತ ಹಿಡಿದರೆ ಏನೂ ಅಂಟುವುದಿಲ್ಲ. ಅದೇ ಪುಡಿಗೆ ಇದ್ದಿಲ ಪುಡಿ ಬೆರೆಸಿ, ಮುಚ್ಚಳವಿರುವ ಮೂಸೆಯಲ್ಲಿ ತುಂಬಿ, ಇದ್ದಿಲಿನ ಒಲೆಯಲ್ಲಿ ಚೆನ್ನಾಗಿ ಕಾಯಿಸಬೇಕು. ಸ್ಪಿರಿಟ್ ದೀಪದ ಬಿಸಿ ಸಾಲದು. ಕಾರ್ಬನ್ ಮಾನಾಕ್ಸೈಡ್ ಹೊರಬರುವುದರಿಂದ ಇದನ್ನು ಅಂಗಳದಲ್ಲೇ ಮಾಡಬೇಕು, ಮಕ್ಕಳನ್ನು ಗಾಳಿ ಬೀಸಿ ಬರುವ ಕಡೆ, ಹೊಗೆ ತಾಗದಂತೆ ನಿಲ್ಲಿಸಬೇಕು. ಮುಚ್ಚಿದ ಹಾಗೇ ತಣಿಸಿ ತೆರೆದಾಗ ಪುಡಿ ಕಪ್ಪಾಗಿತ್ತು, ಅಯಸ್ಕಾಂತಕ್ಕೆ ಗಡ್ಡದಂತೆ ಅಂಟಿತು. ಹೆಮಟೈಟ್ ತನ್ನ ಆಕ್ಸಿಜನ್ನಿನ ಒಂದಂಶ ಕಳೆದುಕೊಂಡು ಮ್ಯಾಗ್ನೆಟೈಟ್ ಆಗಿತ್ತು. ಕಬ್ಬಿಣವಾಗಲಿಲ್ಲ, ದಾರಿಯ ಮೊದಲ ಮೆಟ್ಟಿಲು ದಾಟಿತು. ಇದು ಬರೀ ಶಾಲೆಯ ಆಟವಲ್ಲ. ಕಬ್ಬಿಣದ ಅಂಶ ಕಡಿಮೆಯಿರುವ ಅದಿರನ್ನು ಹೀಗೆ ಹುರಿದು, ಅಯಸ್ಕಾಂತದಿಂದ ಮಡ್ಡಿಯನ್ನು ಬೇರ್ಪಡಿಸುವುದು ಲೋಹವಿಜ್ಞಾನದ ಪ್ರಯೋಗಾಲಯಗಳಲ್ಲಿ ಇಂದಿಗೂ ಸಂಶೋಧನೆಯ ವಿಷಯ. ಒಳ್ಳೆಯ ಅದಿರು ಮುಗಿಯುತ್ತ ಬಂದಂತೆ ಬಡ ಅದಿರಿನ ಬೆಲೆ ಏರುತ್ತದೆ.

‘ಹಾಗಾದ್ರೆ ನಮ್ಮೂರಿಗೆ ಕಂಪನಿ ಯಾಕೆ ಬರ್ಲಿಲ್ಲ ಟೀಚರ್?’ ಎಂಬ ಪ್ರಶ್ನೆ ಬಂದೇ ಬಂತು. ಅದಿರು ಎನ್ನುವುದು ರಸಾಯನಶಾಸ್ತ್ರದ ಪದ ಮಾತ್ರವಲ್ಲ, ವ್ಯಾಪಾರದ ಪದವೂ ಹೌದು. ತೆಗೆದರೆ ಲಾಭ ಇರಬೇಕು. ಸಂಡೂರಿನ ಹೆಮಟೈಟ್‌ನಲ್ಲಿ ಕಬ್ಬಿಣ ಶೇ. 60ಕ್ಕೂ ಮಿಕ್ಕಿರುತ್ತದೆ. ಚಿರೆಕಲ್ಲಿನಲ್ಲಿ ಜೇಡಿಯೂ ಮರಳೂ ಸೇರಿಕೊಂಡಿವೆ. ಕುದುರೆಮುಖದಲ್ಲಿ ಬಡ ಮ್ಯಾಗ್ನೆಟೈಟನ್ನೇ ಸಾರವರ್ಧನೆ ಮಾಡಿ, ನೀರಿನಲ್ಲಿ ಕಲಸಿದ ಕೆಸರನ್ನು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಭದ್ರಾ ನದಿಗೂ ಕಾಡಿಗೂ ಆದ ಹಾನಿಯ ಪ್ರಶ್ನೆ ಎದ್ದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಬೆಳಗಾವಿಯಲ್ಲಿ 1969ರಿಂದ ಅಲ್ಯೂಮಿನಾ ಕಾರ್ಖಾನೆ ಇದೆ. ನಮ್ಮ ಚಿರೆಕಲ್ಲಿನ ಅಣ್ಣತಮ್ಮನಂಥ ಬಾಕ್ಸೈಟ್ ಅಲ್ಲಿನ ಕಚ್ಚಾವಸ್ತು. ಹಳೆಯ ಕಾಲದಲ್ಲಿ ಲೆಕ್ಕ ಬೇರೆಯಿತ್ತು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಭಟ್ಕಳ ಬಂದರಿನಿಂದ ಹೊರಹೋಗುವ ಸರಕುಗಳಲ್ಲಿ ಅಕ್ಕಿ, ಸಕ್ಕರೆಯ ಜತೆಗೆ ಕಬ್ಬಿಣವನ್ನೂ ಹೆಸರಿಸಿದ್ದಾನೆ. ಇದ್ದಿಲು ಮತ್ತು ತಿದಿಯಿಂದ ನಡೆಯುವ ಸಣ್ಣ ಕುಲುಮೆಗಳ ಕಾಲ ಅದು.

ಕಲ್ಲಿನ ಕೆಳಗೆ

ಈ ಘಟಕಕ್ಕೆ ಪಠ್ಯದಲ್ಲಿಲ್ಲದ ಒಂದು ಅವಧಿಯನ್ನು ನಾನು ಸೇರಿಸಿದೆ. ಮಾರ್ಗದರ್ಶಕ ಅಧ್ಯಾಪಕರು ‘ವಿಷಯಾಂತರವಾಗುವುದಿಲ್ಲವೇ’ ಎಂದು ಕೇಳಿದ್ದು ನ್ಯಾಯವೇ. ನನ್ನ ಉತ್ತರ, ಚಿರೆಕಲ್ಲಿನ ರಸಾಯನಶಾಸ್ತ್ರ ಕಲಿಸಿ ಅದರ ಕೆಳಗಿನ ಪದರದ ಬಗ್ಗೆ ಸುಮ್ಮನಿದ್ದರೆ ಪಾಠ ಅರ್ಧದಲ್ಲಿ ನಿಂತಂತೆ.

ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಗುಡ್ಡ ಕಡಿದ ಕಡೆಗಳಲ್ಲಿ ಪದರಗಳು ತೆರೆದು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ತೆಳು ಮಣ್ಣು, ಅದರಡಿ ಗಟ್ಟಿ ಚಿರೆಕಲ್ಲು, ಕೆಳಗೆ ಹೋದಂತೆ ಮೆತ್ತನೆಯ ಕಲ್ಲು. ಅದಕ್ಕೂ ಕೆಳಗೆ ಬಿಳಿ, ಗುಲಾಬಿ, ತಿಳಿಹಳದಿ ಬಣ್ಣದ ನುಣುಪು ಮಣ್ಣು. ಮಂಗಳೂರು, ಉಡುಪಿ ಕಡೆ ಇದಕ್ಕೆ ಶೇಡಿ ಮಣ್ಣು ಎನ್ನುತ್ತಾರೆ. ಇದು ಕಬ್ಬಿಣ ಬಂದು ಕೂರದ, ಜೇಡಿಯಾಗಿಯೇ ಉಳಿದ ಶಿಲೆ. ಇದರ ಕೆಳಗೆ ಅರೆ ಕೊಳೆತ ಕಲ್ಲು, ಕೊನೆಗೆ ಗಟ್ಟಿ ಬಂಡೆ.

ತೂತುತೂತಾದ ಚಿರೆಕಲ್ಲು ಮಳೆನೀರನ್ನು ಕೆಳಗೆ ಬಿಡುತ್ತದೆ. ಶೇಡಿ ಮಣ್ಣು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎರಡರ ನಡುವೆ ನೀರು ತುಂಬಿ ಒತ್ತಡ ಏರುತ್ತದೆ. ಒಣಗಿದಾಗ ನೆಟ್ಟಗೆ ನಿಲ್ಲುವ ಈ ಮಣ್ಣು ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ಮೇಲಿನ ಚಿರೆಕಲ್ಲಿನ ಭಾರ ಹಾಗೇ ಇದೆ, ಕೆಳಗಿನ ಆಧಾರ ಮೆತ್ತಗಾಯಿತು. ಗುಡ್ಡದ ಪಾದವನ್ನು ನೆಟ್ಟಗೆ ಕಡಿದಿದ್ದರೆ ಮುಂದಿನದನ್ನು ಊಹಿಸಬಹುದು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ: ‘ಮೇಲೆ ಚಿರೆಕಲ್ಲಿದೆ, ಗುಡ್ಡ ಗಟ್ಟಿ’. ಮೇಲಿನ ಗಟ್ಟಿತನ ಕೆಳಗಿನದಕ್ಕೆ ಸಾಕ್ಷಿಯಲ್ಲ.

ಮಕ್ಕಳಿಗೆ ಇದು ದೂರದ ವಿಷಯವಲ್ಲ. 2022ರ ಆಗಸ್ಟ್ 2ರ ಭಾರೀ ಮಳೆಯಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಗಂಗಾವಳಿ ನದಿಯವರೆಗೆ ಜಾರಿತು. ಈ ಹೆಸರುಗಳನ್ನು ತರಗತಿಯಲ್ಲಿ ನಾನಾಗಿ ಎತ್ತಲಿಲ್ಲ, ಮಕ್ಕಳೇ ಎತ್ತಿದರು. ಎರಡೂ ಕಡೆ ನಡೆದದ್ದು ಇದೇ ಎಂದು ಸರಳವಾಗಿ ಹೇಳಿಬಿಡುವುದು ಸಲ್ಲದು. ಪ್ರತಿ ಇಳಿಜಾರಿಗೂ ಅದರದೇ ಕಾರಣಗಳಿರುತ್ತವೆ. ನಾನು ಹೇಳಿದ್ದು ಲಕ್ಷಣಗಳನ್ನು: ಇಳಿಜಾರಿನ ಮೇಲ್ಭಾಗದಲ್ಲಿ ಹೊಸ ಬಿರುಕು, ಓರೆಯಾದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಸರಾಗಿ ಹೊಮ್ಮುವ ಒರತೆ, ಕಡಿದ ಗೋಡೆಯ ಬುಡದಿಂದ ಬಿಳಿ ಮಣ್ಣು ಕಲಸಿದ ನೀರು. ಇವುಗಳನ್ನು ಕಂಡರೆ ಅಲ್ಲಿ ನಿಲ್ಲಬಾರದು, ಮನೆಯವರಿಗೆ, ಪಂಚಾಯಿತಿಗೆ ತಿಳಿಸಬೇಕು. ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ ಹೊಂಡಗಳ ಬಗ್ಗೆಯೂ ಎಚ್ಚರ ಹೇಳಿದೆ. ಗೋಡೆ ನೆಟ್ಟಗಿರುವುದರಿಂದ ಮಳೆಗಾಲದಲ್ಲಿ ಅದರೊಳಗೆ ಇಳಿದವರಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಸಂಶೋಧನೆ ಎಂದರೆ ಏನು ಎಂಬುದಕ್ಕೆ ಮಕ್ಕಳಿಗೆ ಇಲ್ಲಿಯೇ ಉದಾಹರಣೆ ಸಿಕ್ಕಿತು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಅನೇಕ ಅಧ್ಯಯನಗಳು ನಡೆದಿವೆ. ಅದಕ್ಕೆ ಸುಣ್ಣ, ಸಿಮೆಂಟ್ ಅಥವಾ ಊದುಕುಲುಮೆಯ ಕಿಟ್ಟ ಬೆರೆಸಿದರೆ ನೆನೆದಾಗಲೂ ಬಲ ಉಳಿಯುತ್ತದೆಯೇ ಎಂಬಂಥ ಪ್ರಶ್ನೆಗಳು ಅವು. ಆ ಇಂಗ್ಲಿಷ್ ಪ್ರಬಂಧಗಳಲ್ಲಿಯೂ ಈ ಮಣ್ಣಿನ ಹೆಸರು ‘ಶೇಡಿ’ ಎಂದೇ ಇರುತ್ತದೆ. ಕಬ್ಬಿಣ ತೆಗೆದ ಮೇಲೆ ಉಳಿಯುವ ಕಿಟ್ಟ, ಕಬ್ಬಿಣವಿಲ್ಲದ ಮಣ್ಣನ್ನು ಗಟ್ಟಿ ಮಾಡಲು ಬರುತ್ತದೆ ಎಂಬುದು ನನಗೂ ಹೊಸ ವಿಷಯವಾಗಿತ್ತು.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

ತರಗತಿಯನ್ನು ಕಡಿದ ಗುಡ್ಡದ ಬುಡಕ್ಕಾಗಲಿ, ನಡೆಯುತ್ತಿರುವ ಕ್ವಾರಿಗಾಗಲಿ ಕರೆದೊಯ್ಯಬೇಡಿ. ಮಳೆಗಾಲದಲ್ಲಿ ಅಂತೂ ಬೇಡವೇ ಬೇಡ. ರಸ್ತೆಯ ಆಚೆಯಿಂದ ತೆಗೆದ ಫೋಟೋ ಸಾಕು. ಕಲ್ಲಿನ ಗುಣ ಅಳೆಯಲು ಒಂದು ಸುಲಭ ಚಟುವಟಿಕೆ ಇದೆ. ಒಣ ತುಂಡನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ ಮತ್ತೆ ತೂಗಿ, ಹೀರಿದ ನೀರಿನ ಶೇಕಡಾವಾರು ತೆಗೆಯಬೇಕು. ಕಟ್ಟಡದ ಚಿರೆಕಲ್ಲಿಗೆ ಭಾರತೀಯ ಮಾನಕ 3620ರ ಪ್ರಕಾರ ಇದು 12ನ್ನು ಮೀರಬಾರದು. ನಮ್ಮ ತರಗತಿಯಲ್ಲಿ ಕೆಲವು ತಂಡಗಳ ಕಲ್ಲು ಪಾಸಾಯಿತು, ಕೆಲವರದು ಆಗಲಿಲ್ಲ. ಯಾರ ಮನೆಯ ಕಲ್ಲು ಎಂದು ಮೊದಲೇ ಹೇಳಿಸದಿರುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮನೆಗೆಲಸ: ‘ನಿಮ್ಮ ಮನೆಯ ಬಾವಿ ತೋಡುವಾಗ ಮೇಲಿನಿಂದ ಕೆಳಗೆ ಏನೇನು ಸಿಕ್ಕಿತು ಎಂದು ಹಿರಿಯರನ್ನು ಕೇಳಿ ಚಿತ್ರ ಬರೆಯಿರಿ.’ ಪುಸ್ತಕದಿಂದ ನಕಲು ಮಾಡಲು ಬಾರದ ಮನೆಗೆಲಸ ಇದು. ಅಳ್ವೆಕೋಡಿ ಕಡೆಯ ಮಕ್ಕಳು ಮರಳು, ಕೆಸರು, ಕಪ್ಪೆಚಿಪ್ಪು ಬರೆದರು. ಮೂಡಣ ಗುಡ್ಡದ ಕಡೆಯವರು ಆಳದವರೆಗೆ ಚಿರೆಕಲ್ಲು, ನಂತರ ಬಿಳಿ ಮಣ್ಣು ಬರೆದರು. ಎಲ್ಲವನ್ನೂ ಪಡುವಣದಿಂದ ಮೂಡಣಕ್ಕೆ ಸಾಲಾಗಿ ಒಂದು ಡ್ರಾಯಿಂಗ್ ಹಾಳೆಗೆ ಅಂಟಿಸಿದಾಗ ಸಮುದ್ರದಿಂದ ಘಟ್ಟದ ಬುಡದವರೆಗಿನ ನೆಲದ ಸೀಳುನೋಟ ತಯಾರಾಯಿತು.

ಅದರಲ್ಲಿ ಒಂದು ಬಾವಿ ಸಾಲಿಗೆ ಹೊಂದಲಿಲ್ಲ. ಚಿರೆಕಲ್ಲು ಮುಗಿದದ್ದೇ ಶೇಡಿ ಇಲ್ಲದೆ ಕರಿಕಲ್ಲು. ಮದ್ದು ಹಾಕಿ ಒಡೆಸಬೇಕಾಯಿತೆಂದು ಅಜ್ಜಿ ಹೇಳಿದ್ದರಂತೆ. ಬಾವಿಕಟ್ಟೆಯ ಪಕ್ಕ ಬಿದ್ದಿದ್ದ ಅದರ ತುಂಡೊಂದನ್ನು ಆ ಹುಡುಗಿ ಮರುದಿನ ಚೀಲದಲ್ಲಿ ಹಾಕಿಕೊಂಡು ಬಂದಳು. ಗಾತ್ರಕ್ಕೆ ಮೀರಿದ ಭಾರ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳು, ಒಡೆದ ಮುಖ ಕಪ್ಪು. ಹೊರಗಡೆ ಅರ್ಧ ಅಂಗುಲದಷ್ಟು ಕೆಂಪು ಸಿಪ್ಪೆ. ಡಾಲರೈಟ್ ಎಂದು ನಾನು ಹೇಳುವ ಮೊದಲೇ ಅವಳು ಆ ಸಿಪ್ಪೆಯನ್ನು ಉಗುರಿನಿಂದ ಕೆರೆದು, ‘ಇದು ಈಗ ಚಿರೆಕಲ್ಲು ಆಗ್ತಾ ಇದೆ ಅಲ್ವಾ ಟೀಚರ್’ ಎಂದಳು.